ಅಡಿಗಲ್ಲಿಗೆ ಮೂರು ಕಾಲು

ಒಂದು ಸ್ಟ್ಯಾಂಡು ಅಲ್ಲಾಡದ ಹಾಗೆ ನಿಲ್ಲಿಸೋದು ಕಷ್ಟದ ಕೆಲಸ ಅಂತ ಯಾರಾದರೂ ಆರನೇ ಸೆಮಿಸ್ಟರಿನಲ್ಲಿ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಮೆಕ್ಯಾನಿಕಲ್ ಓದೋ ಹುಡುಗರು ನಾವು. ಮೂರು ವರ್ಷ ಬೀಮು, ಟ್ರಸ್ಸು, ವೈಬ್ರೇಶನ್ ಅಂತ ಪುಟಗಟ್ಟಲೆ ಬರೆದು ಪಾಸಾದವರು. ಅಲ್ಲಾಡದ ಒಂದು ಸ್ಟ್ಯಾಂಡು ಮಾಡೋಕೆ ನಮಗೆ ಹತ್ತು ತಿಂಗಳು ಬೇಕಾಯಿತು. ಅದರಲ್ಲಿ ಎಂಟು ತಿಂಗಳು ತಪ್ಪು ಮಾಡೋದಕ್ಕೇ ಹೋಯಿತು.

ನಾವು ಅಂದರೆ ಐದು ಜನ. ಹಾಸ್ಟೆಲಿನಲ್ಲಿ ನಮ್ಮ ಎರಡು ರೂಮಿಗೆ ‘ಐದು ತಾಲೂಕು’ ಅಂತಲೇ ಹೆಸರು. ಕೂಡ್ಲಿಗಿಯವನೊಬ್ಬ, ಕೊಟ್ಟೂರಿನವನೊಬ್ಬ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಒಬ್ಬೊಬ್ಬರು. ಹರಪನಹಳ್ಳಿಯವನನ್ನ ನಾವು ಸದಾ ರೇಗಿಸೋದು ಜಿಲ್ಲೆ ವಿಷಯಕ್ಕೆ. ಬಳ್ಳಾರಿಯಲ್ಲಿದ್ದ ತಾಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. “ನಿಮ್ಮ ತಾಲೂಕೇ ನಿಂತಲ್ಲಿ ನಿಲ್ಲಲ್ಲ, ನೀನು ಸ್ಟ್ಯಾಂಡ್ ಡಿಸೈನ್ ಮಾಡ್ತೀಯಾ?” ಅಂತ ಪ್ರಾಜೆಕ್ಟ್ ಉದ್ದಕ್ಕೂ ಅವನ ಪ್ರಾಣ ತಿಂದಿದ್ದೀವಿ. ಅವನು ತನ್ನ ಹೆಸರು ಈ ಬರಹದಲ್ಲಿ ಬೇಡ ಅಂದ. ಅದಕ್ಕೇ ಯಾರ ಹೆಸರೂ ಹಾಕಿಲ್ಲ.

ವಿಷಯ ಸಿಕ್ಕಿದ್ದು ಕೊಟ್ಟೂರು ಜಾತ್ರೆಯಲ್ಲಿ. ಗುರು ಕೊಟ್ಟೂರೇಶ್ವರನ ತೇರಿಗೆ ಪ್ರತಿ ವರ್ಷ ನಾವು ಐದೂ ಜನ ಕೊಟ್ಟೂರಿನವನ ಮನೆಯಲ್ಲಿ ಬಿಡಾರ ಹೂಡ್ತೀವಿ. ಅವರಮ್ಮ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಮಾಡಿ ಮಾಡಿ ಸುಸ್ತಾಗ್ತಾರೆ. ಆ ಸಲ ತೇರು ನೋಡಿಕೊಂಡು ವಾಪಸ್ ಬರುವಾಗ ರಸ್ತೆ ಪಕ್ಕ ಒಬ್ಬ ಅಜ್ಜ, ಒಬ್ಬ ಅಜ್ಜಿ ಕಬ್ಬಿಣ ಬಡೀತಾ ಇದ್ದರು. ನಮ್ಮ ಕಡೆ ಇವರನ್ನ ಬೈಲು ಕಮ್ಮಾರರು ಅಂತಾರೆ. ಊರಿನ ಕಮ್ಮಾರನಿಗೆ ಊರಲ್ಲೇ ಕುಲುಮೆ ಇರುತ್ತೆ. ಇವರಿಗೆ ಕುಲುಮೆಯೂ ಮನೆಯೂ ಒಂದೇ, ಎರಡೂ ಗಾಡಿ ಮೇಲೆ. ಜಾತ್ರೆ, ಸಂತೆ, ಬಿತ್ತನೆ ಕಾಲ ಅಂತ ಊರಿಂದ ಊರಿಗೆ ಹೋಗ್ತಾರೆ. ಕುಡುಗೋಲು, ಕೊಡಲಿ, ಕುರ್ಪಿ ಮಾಡಿ ಮಾರ್ತಾರೆ, ಹಳೇ ಕುಂಟೆಯ ಕುಡ ಹಣಿದು ಕೊಡ್ತಾರೆ. ಲಾರಿಯ ಕಮಾನ್ ಪಟ್ಟಿ ಇವರ ಕೈಗೆ ಸಿಕ್ಕರೆ ಸಾಕು, ಅದು ಸಾಯಂಕಾಲದೊಳಗೆ ನಾಲ್ಕು ಮಚ್ಚಾಗುತ್ತೆ.

ಅಜ್ಜ ಕುಂತು ಇಕ್ಕಳದಲ್ಲಿ ಕಬ್ಬಿಣ ಹಿಡಿದಿದ್ದ. ಅಜ್ಜಿ ನಿಂತು ಸಮ್ಮಟಿಗೆ ಎತ್ತಿ ಬಡೀತಿದ್ದಳು. ಹೌದು, ಅಜ್ಜಿಯೇ. ಈ ಕಸುಬಿನಲ್ಲಿ ದೊಡ್ಡ ಸುತ್ತಿಗೆ ಬಹಳ ಸಲ ಹೆಂಗಸರ ಕೈಯಲ್ಲೇ ಇರುತ್ತೆ. ನಾವು ನಿಂತಿದ್ದು ಆ ನೋಟಕ್ಕಲ್ಲ, ಅಡಿಗಲ್ಲು ನೋಡಿ. ಅಡಿಗಲ್ಲನ್ನ ಒಂದು ಹಳೇ ಕಾರಿನ ಟೈರಿನ ಮೇಲೆ ಇಟ್ಟಿದ್ದರು. ಟೈರಿನ ಅಡಿಗೆ ಒಂದು ಕಡೆ ಜಲ್ಲಿಕಲ್ಲು, ಇನ್ನೊಂದು ಕಡೆ ಮಡಚಿದ ಗೋಣಿಚೀಲ. ಅಜ್ಜಿ ಒಂದು ಪೆಟ್ಟು ಹಾಕಿದರೆ ಅಡಿಗಲ್ಲು ಒಂದು ಬೆರಳು ಆ ಕಡೆ ಜಾರ್ತಿತ್ತು. ಅಜ್ಜ ಬರಿಗಾಲಲ್ಲಿ ಅದನ್ನ ಈ ಕಡೆ ಎಳ್ಕೊಳ್ತಿದ್ದ. ಪೆಟ್ಟು, ಎಳೆತ. ಪೆಟ್ಟು, ಎಳೆತ. ಅಷ್ಟರಲ್ಲಿ ಕಬ್ಬಿಣ ಆರೇ ಹೋಗ್ತಿತ್ತು.

“ಏನ್ ನೋಡ್ತೀರಪ್ಪ? ಕುಡುಗೋಲು ಬೇಕಾ?”

“ಇಲ್ಲಜ್ಜಾ, ಅಡಿಗಲ್ಲು ಯಾಕೆ ಟೈರಿನ ಮೇಲಿಟ್ಟೀರಿ?”

“ಮೊದ್ಲು ಇಲ್ಲೇ ನೆಲದಾಗ ಊರ್ತಿದ್ವಿ. ಈಗ ಎಲ್ಲಾ ಸಿಮೆಂಟ್ ಹಾಕ್ಯಾರ. ಸಿಮೆಂಟಿಗೆ ಯಂಗ ಊರಾದು?”

ಆಮೇಲೆ ಅದನ್ನ ಎತ್ತಿ ತೋರಿಸಿದ. ನಾವು ವರ್ಕ್‌ಶಾಪ್ ಲ್ಯಾಬಿನಲ್ಲಿ ನೋಡಿದ ಅಡಿಗಲ್ಲಿಗೆ ಒಂದು ಕಡೆ ಕೊಂಬು, ಮೇಲೆ ಚೌಕದ ತೂತು ಎಲ್ಲ ಇರುತ್ತೆ. ಅಜ್ಜಂದು ಹಾಗಿರಲಿಲ್ಲ. ನಾಲ್ಕು ಇಂಚು ಚೌಕ, ಐದು ಇಂಚು ಎತ್ತರದ ಉಕ್ಕಿನ ಗಟ್ಟಿ. ಅಡಿಯಲ್ಲಿ ಗೇಣಿಗಿಂತ ಚಿಕ್ಕದಾದ ಒಂದು ಮೊಳೆ. ತೂಕ ಸುಮಾರು 11 ಕೆಜಿ. ಆ ಮೊಳೆಯನ್ನ ಒಂದು ಮರದ ತುಂಡಿಗೆ ಕೂರಿಸಿ, ತುಂಡನ್ನ ನೆಲದಲ್ಲಿ ಹೂತುಬಿಟ್ಟರೆ ಆಯಿತು. ನೆಲ ಏರುತಗ್ಗಿದ್ದರೇನು, ವಾಲಿದ್ದರೇನು? ಅಡಿಗಲ್ಲು ನೆಲದ ಮೇಲೆ ನಿಲ್ಲೋದೇ ಇಲ್ಲ, ನೆಲದೊಳಗೆ ನಿಲ್ಲುತ್ತೆ. ಸಾವಿರ ವರ್ಷ ಕೆಲಸ ಮಾಡಿದ ಉಪಾಯ ಅದು. ಊರೂರಿಗೆ ಸಿಸಿ ರಸ್ತೆ, ಬಸ್‌ಸ್ಟ್ಯಾಂಡಿಗೆ ಇಂಟರ್‌ಲಾಕ್ ಕಲ್ಲು, ಗುಡಿ ಮುಂದೆ ಗ್ರಾನೈಟು ಬಂದ ಮೇಲೆ ಅದು ಕೆಲಸ ಮಾಡೋದು ನಿಂತಿತು. ರಸ್ತೆ ಬೇಡ ಅಂತ ನಾವು ಹೇಳ್ತಿಲ್ಲ. ಮಳೆಗಾಲದಲ್ಲಿ ನಮ್ಮೂರ ಕೆಸರು ತುಳಿದವರು ಯಾರೂ ಹಾಗೆ ಹೇಳಲ್ಲ. ಆದರೆ ನೆಲ ಗಟ್ಟಿಯಾದರೆ ಯಾರಿಗೆ ನೆಲವೇ ಇಲ್ಲದಂತಾಗುತ್ತೆ ಅನ್ನೋದು ಅವತ್ತಿನವರೆಗೆ ನಮ್ಮ ತಲೆಗೆ ಬಂದಿರಲಿಲ್ಲ.

“ಊರ ಹೊರಗೆ ಮಣ್ಣೈತಲ್ಲಜ್ಜಾ?” ಅಂತ ಹಡಗಲಿಯವನು ಕೇಳಿದ.

“ಐತಿ. ಗಿರಾಕಿ ಇಲ್ಲ ಅಲ್ಲಿ.”

ಮನೆಗೆ ಬಂದು ರಾತ್ರಿ ಮಾಳಿಗೆ ಮೇಲೆ ಮಲಗಿಕೊಂಡು ಪ್ರಾಜೆಕ್ಟ್ ಇದೇ ಅಂತ ತೀರ್ಮಾನ ಮಾಡಿದೆವು. ಹೊತ್ತೊಯ್ಯೋಕೆ ಬರಬೇಕು, ಎಂಥ ನೆಲದ ಮೇಲಿಟ್ಟರೂ ಅಲ್ಲಾಡಬಾರದು. ನಾಲ್ಕು ಜನ ಜೋರಾಗಿ ಮಾತಾಡ್ತಿದ್ದೆವು. ಹರಪನಹಳ್ಳಿಯವನು ಮಾತ್ರ ಆ ಕಡೆ ತಿರುಗಿ ಮಲಗಿದ್ದ. ನಿದ್ದೆ ಬಂದಿದೆ ಅಂದುಕೊಂಡೆವು.

ಮೊದಲನೇ ಸ್ಟ್ಯಾಂಡಿನ ಕಥೆ ಬೇಗ ಮುಗಿಸ್ತೀವಿ, ನಾಚಿಕೆ ಆಗುತ್ತೆ. ಯೂಟ್ಯೂಬಿನಲ್ಲಿ ವಿದೇಶದ ಕಮ್ಮಾರರು ನಿಂತು ಕೆಲಸ ಮಾಡೋದು ನೋಡಿದೆವು. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ಎಲ್ಲಿಗೆ ಬರುತ್ತೋ ಅಷ್ಟೆತ್ತರ ಅಡಿಗಲ್ಲಿರಬೇಕು ಅನ್ನೋ ಲೆಕ್ಕ ಹಿಡಿದು 75 ಸೆಂ.ಮೀ. ಎತ್ತರದ, ನಾಲ್ಕು ಕಾಲಿನ, ಆಂಗಲ್ ಕಬ್ಬಿಣದ ಸ್ಟ್ಯಾಂಡ್ ಬೆಸೆದೆವು. ಲ್ಯಾಬಿನ ನೆಲದ ಮೇಲಿಟ್ಟೆವು. ಟಕ್ ಟಕ್ ಅಂತ ಕುಣಿಯಿತು. ಲ್ಯಾಬಿನ ನೆಲ ಸಮ ಇದೆ ಅಂತ ನಾಲ್ಕು ವರ್ಷ ನಂಬಿದ್ದೆವು!

ಕಾರಣ ಹೈಸ್ಕೂಲಿನದೇ. ಮೂರು ಬಿಂದುಗಳ ಮೂಲಕ ಯಾವಾಗಲೂ ಒಂದು ಸಮತಲ ಹಾದುಹೋಗುತ್ತೆ. ನಾಲ್ಕನೇ ಬಿಂದು ಅದೇ ಸಮತಲದಲ್ಲಿ ಇರಲೇಬೇಕು ಅಂತ ಏನೂ ಇಲ್ಲ. ಹಾಗಾಗಿ ಮೂರು ಕಾಲಿನ ಸ್ಟೂಲು ಎಂಥ ಬಂಡೆ ಮೇಲೂ ಕುಣಿಯಲ್ಲ, ವಾಲಬಹುದು ಅಷ್ಟೆ. ನಾಲ್ಕು ಕಾಲಿನದಕ್ಕೆ ಒಂದು ಕಾಲು ಯಾವಾಗಲೂ ಗಾಳಿಯಲ್ಲಿ. ಇಲ್ಲೊಂದು ಚೆಂದದ ಗಣಿತ ಇದೆ. ಕಾಲುಗಳೆಲ್ಲ ಒಂದೇ ಉದ್ದ ಇರೋ ಚೌಕದ ಟೇಬಲ್ಲನ್ನ, ಮೆಟ್ಟಿಲಿನಂಥ ಕಡಿತ ಇಲ್ಲದೆ ನಯವಾಗಿ ಏರಿಳಿಯೋ ನೆಲದ ಮೇಲೆ ಇಟ್ಟು ನಿಧಾನಕ್ಕೆ ತಿರುಗಿಸ್ತಾ ಹೋದರೆ, ಕಾಲು ಸುತ್ತು ಮುಗಿಯೋದರೊಳಗೆ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ನೆಲಕ್ಕೆ ತಾಗುತ್ತವೆ. ಕ್ಯಾಂಟೀನಿನ ಟೇಬಲ್ ಮೇಲೆ ಮಾಡಿ ನೋಡಿ, ಕೆಲಸ ಮಾಡುತ್ತೆ. ಆದರೆ ರಸ್ತೆ ಬದಿಯ ಕಮ್ಮಾರನಿಗೆ ಒಂದು ಕೈಗೆ ಬೆಂಕಿ, ಒಂದು ಕೈಗೆ ನೀರಿನ ಬಾನಿ, ಎದುರಿಗೆ ಸಮ್ಮಟಿಗೆ. ಅವನು ಅಡಿಗಲ್ಲನ್ನ ತಿರುಗಿಸ್ತಾ ಕೂತರೆ ಕೆಲಸ ಆಗಲ್ಲ.

ಕಾಲಿಗೆ ಏರಿಸಿ ಇಳಿಸೋ ಬೋಲ್ಟ್ ಹಾಕಿ ಅಂತ ಸಲಹೆ ಬಂತು, ಹಾಕಿದೆವು. ಇಪ್ಪತ್ತು ಪೆಟ್ಟಿಗೆ ನಟ್ಟು ಸಡಿಲ. ಬಿಗಿ ಮಾಡಿದರೆ ಮತ್ತೆ ಇಪ್ಪತ್ತು ಪೆಟ್ಟು. ಕಾದ ಕಬ್ಬಿಣದಿಂದ ಉದುರೋ ಕಿಟ್ಟ ಮರೆಗೆ ಸೇರಿಕೊಂಡು ಆಮೇಲೆ ನಟ್ಟು ತಿರುಗಲೇ ಇಲ್ಲ. ಆ ಸ್ಟ್ಯಾಂಡ್ ಈಗ ನಮ್ಮ ಹಾಸ್ಟೆಲಿನ ವರಾಂಡದಲ್ಲಿ ನೀರಿನ ಕ್ಯಾನು ಹೊತ್ತುಕೊಂಡಿದೆ. ಕೆಳಗೆ ಮಡಚಿದ ಲ್ಯಾಬ್ ಮ್ಯಾನ್ಯುಯಲ್ ಇದೆ.

ಎರಡನೇದು ಮೂರು ಕಾಲಿನದು. ಇದರ ಬಗ್ಗೆ ನಮಗೆ ಬಹಳ ಹೆಮ್ಮೆ ಇತ್ತು. ಪೈಪಿನ ಕಾಲು, ಹೊರಕ್ಕೆ ಚಾಚಿದ್ದು, ಮೇಲೆ 12 ಮಿ.ಮೀ. ಪ್ಲೇಟು, ಅದಕ್ಕೆ ಅಜ್ಜನ ಅಡಿಗಲ್ಲು ಕೂರೋ ಹಾಗೆ ಕ್ಲ್ಯಾಂಪು. ಬಂಡೆ ಮೇಲಿಟ್ಟರೂ ಟಕ್ ಅನ್ನಲಿಲ್ಲ. ಅಜ್ಜನ ಫೋನ್ ನಂಬರು ಇತ್ತು. ನವೆಂಬರಿನಲ್ಲಿ ಫೋನ್ ಮಾಡಿದರೆ ಹರಪನಹಳ್ಳಿಯಲ್ಲಿದ್ದೀವಿ ಬರ್ರಿ ಅಂದ. ಬಸ್ಸಿನ ಟಾಪಿಗೆ ಹಾಕಿಕೊಂಡು ಹೋದೆವು.

ಅವರು ಕೂತಿದ್ದು ಸಿಮೆಂಟು ರಸ್ತೆಯ ಅಂಚಿನಲ್ಲಿ. ರಸ್ತೆಯ ನೀರು ಚರಂಡಿಗೆ ಹರಿಯಲಿ ಅಂತ ಅಲ್ಲಿ ಸ್ವಲ್ಪ ಇಳಿಜಾರು. ಸ್ಟ್ಯಾಂಡ್ ಇಟ್ಟು ಅಡಿಗಲ್ಲು ಕೂರಿಸಿ, “ಬಡೀರಿ ಅಜ್ಜಾ” ಅಂದೆವು. ಅಜ್ಜ ಸ್ಟ್ಯಾಂಡ್ ನೋಡಿದ, ನಮ್ಮನ್ನ ನೋಡಿದ. ಕುಂತು ನೋಡಿದ, ಅಡಿಗಲ್ಲು ಎದೆಮಟ್ಟಕ್ಕೆ ಬಂತು. ಎದ್ದು ನಿಂತ, ಬಗ್ಗಬೇಕಾಯಿತು. ಏನೂ ಹೇಳದೆ ಬಗ್ಗಿಕೊಂಡೇ ಕಬ್ಬಿಣ ಹಿಡಿದ. ಅಜ್ಜಿ ಸಮ್ಮಟಿಗೆ ಎತ್ತಿದಳು. ಎರಡು ಪೆಟ್ಟು ಚೆನ್ನಾಗಿ ಬಿತ್ತು. ಮೂರನೇದು ಒಂದು ಮೂಲೆಗೆ ಬಿತ್ತು. ಸ್ಟ್ಯಾಂಡು ಎರಡು ಕಾಲಿನ ಮೇಲೆ ಎದ್ದು, ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ಅಜ್ಜಿಯ ಕಡೆಗೇ ಮಗುಚಿತು. ಅಡಿಗಲ್ಲು ಬಿದ್ದಿದ್ದು ಅವಳ ಪಾದದಿಂದ ಒಂದು ಗೇಣು ಆಚೆ. ಕೆಂಪಗೆ ಕಾದ ಕಬ್ಬಿಣ ಉರುಳಿಕೊಂಡು ಚರಂಡಿಗೆ ಬಿದ್ದು ಚುಂಯ್ ಅಂತು.

ಯಾರಿಗೂ ಮಾತು ಹೊರಡಲಿಲ್ಲ. ಅಜ್ಜಿಯೇ ಮೊದಲು ಬಾಯಿ ತೆರೆದಳು.

“ನಿಮ್ ಮೂರು ಕಾಲು ಇರ್ಲಿ ಬಿಡ್ರಿ ಮಕ್ಳಾ. ನಂಗೆ ನನ್ನವೆರಡು ಕಾಲು ಬೇಕು.”

ಬೈದಿದ್ದರೆ ಸಮಾಧಾನ ಆಗ್ತಿತ್ತು. ಅವಳು ನಕ್ಕಳು. ನಮ್ಮ ಕೈಕಾಲು ನಡುಗ್ತಿದ್ದದ್ದು ಅವಳಿಗೆ ಕಂಡಿರಬೇಕು, ಬಿಸ್ಕತ್ತು ಪ್ಯಾಕೆಟ್ ಬಿಚ್ಚಿ ಚಾ ಕೊಟ್ಟಳು.

ಆ ಚಾ ಕುಡಿಯುವಾಗಲೇ ಹರಪನಹಳ್ಳಿಯವನು ಬಾಯಿ ಬಿಟ್ಟಿದ್ದು. ನಮ್ಮ ಕಡೆ ನೋಡದೆ, ಅಜ್ಜನ ಕಡೆ ತಿರುಗಿ ಹೇಳಿದ: “ನಮ್ಮಜ್ಜನೂ ಕುಂತೇ ಹಣೀತಿದ್ದ. ಎದ್ದು ನಿಂತು ಮಾಡಿದ್ದು ನಾನು ನೋಡೇ ಇಲ್ಲ.”

ಮೂರು ವರ್ಷದಿಂದ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವನ ಅಜ್ಜ ಊರ ಕಮ್ಮಾರ ಅನ್ನೋದು ಗೊತ್ತಿರಲಿಲ್ಲ. ಮೊದಲ ವರ್ಷ ಸೀನಿಯರ್‌ಗಳು ಸಾಲಾಗಿ ನಿಲ್ಲಿಸಿ “ಮನೇಲಿ ಏನ್ ಮಾಡ್ತಾರೆ?” ಅಂತ ಕೇಳಿದಾಗ ಹಾರ್ಡ್‌ವೇರ್ ಅಂಗಡಿ ಅಂದಿದ್ದನಂತೆ. ಅಂಗಡಿ ಇದ್ದದ್ದು ನಿಜ, ಅಪ್ಪ ಆಮೇಲೆ ಹಾಕಿದ್ದು. ಅದಕ್ಕೂ ಮುಂಚೆ ಕುಲುಮೆ. ಅಜ್ಜ ಊರ ರೈತರ ಕುಡ, ಗುಳ ಎಲ್ಲ ವರ್ಷಪೂರ್ತಿ ಹಣಿದು ಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರ್ತಿದ್ದರಂತೆ. ಇಷ್ಟು ಸೇರು ಜೋಳ, ಇಷ್ಟು ರಾಗಿ. ಕಣದ ಹೊರಗೆ ನಿಂತು ಕಾಯಬೇಕಿತ್ತಂತೆ. ಚಿಕ್ಕವನಿದ್ದಾಗ ಅಜ್ಜನ ಜೊತೆ ಚೀಲ ಹಿಡಿದು ಹಾಗೆ ನಿಂತದ್ದು ಅವನಿಗೆ ನೆನಪಿದೆ. ಒಂದು ಕಣದಲ್ಲಿ ಅವನ ಕ್ಲಾಸ್‌ಮೇಟ್ ಇದ್ದ.

ಕಮ್ಮಾರರು ಕುಂತು ಕೆಲಸ ಮಾಡ್ತಾರೆ, ಅಡಿಗಲ್ಲು ಗೇಣೆತ್ತರ ಇದ್ದರೆ ಸಾಕು ಅನ್ನೋದು ಅವನಿಗೆ ಕೊಟ್ಟೂರಿನ ಮಾಳಿಗೆ ಮೇಲೆ ಮಲಗಿದ ರಾತ್ರಿಯೇ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ “ನಿನಗೆ ಹೇಗೆ ಗೊತ್ತು?” ಅಂತ ನಾವು ಕೇಳ್ತೀವಿ. ಅಲ್ಲಿಂದ ಮುಂದೆ ಎಲ್ಲ ಹೇಳಬೇಕಾಗುತ್ತೆ. ಅಜ್ಜಿಯ ಪಾದದ ಹತ್ತಿರ ಅಡಿಗಲ್ಲು ಬಿದ್ದಾಗ ಅವನಿಗೆ ತಡೆಯೋಕಾಗಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮಲ್ಲೊಬ್ಬ, “ಲೇ, ನಾವೇನು ಅನ್ಕೊಂತಿದ್ವಿ ಅಂದ್ಕೊಂಡಿದ್ದೆ?” ಅಂತ ಕೇಳಿದ. ಅವನು ಕಿಟಕಿ ಹೊರಗೆ ನೋಡ್ತಾ, “ನೀವೇನೂ ಅನ್ಕೊಂತಿರ್ಲಿಲ್ಲ. ಅದು ಗೊತ್ತಾಗಾಕ ಮೂರು ವರ್ಷ ಬೇಕಾತು” ಅಂದ. ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕಂದರೆ, ಮೊದಲ ವರ್ಷವೇ ಹೇಳಿದ್ದರೆ ನಾವು ಏನೂ ಅಂದುಕೊಳ್ತಿರಲಿಲ್ಲ ಅಂತ ಪ್ರಮಾಣ ಮಾಡೋಕೂ ನಮಗೆ ಧೈರ್ಯ ಇಲ್ಲ.

ಸರಿ, ಸ್ಟ್ಯಾಂಡ್ ಯಾಕೆ ಬಿತ್ತು? ಹಾಸ್ಟೆಲಿಗೆ ಬಂದು ಲೆಕ್ಕ ಹಾಕಿದೆವು. ಮೊದಲೇ ಹಾಕಬೇಕಿತ್ತು. ಮೂರು ಕಾಲು ಕುಣಿಯಲ್ಲ ನಿಜ, ಆದರೆ ಬೇಗ ಮಗುಚುತ್ತೆ. ನಡುವಿನಿಂದ ಕಾಲಿಗೆ 22 ಸೆಂ.ಮೀ. ದೂರ ಇದೆ ಅನ್ನಿ. ನಾಲ್ಕು ಕಾಲಿನ ಚೌಕದಲ್ಲಿ ನಡುವಿನಿಂದ ಅಂಚಿಗೆ ಹದಿನೈದೂವರೆ ಸೆಂ.ಮೀ. ಸಿಗುತ್ತೆ. ಮೂರು ಕಾಲಿನ ತ್ರಿಕೋನದಲ್ಲಿ ಸರಿಯಾಗಿ ಅರ್ಧ, ಅಂದರೆ 11. ಪೆಟ್ಟು ಆ ಗೆರೆಯಿಂದಾಚೆ ಬಿದ್ದರೆ ಮಗುಚಿದ ಹಾಗೇ. ಇದರ ಮೇಲೆ ಇಳಿಜಾರು. ನೆಲ 5 ಡಿಗ್ರಿ ವಾಲಿದ್ದರೆ, 60 ಸೆಂ.ಮೀ. ಎತ್ತರದಲ್ಲಿರೋ ಅಡಿಗಲ್ಲು ಪಕ್ಕಕ್ಕೆ 5 ಸೆಂ.ಮೀ. ಮೇಲೆ ಸರಿದುಬಿಡುತ್ತೆ. 11ರಲ್ಲಿ 5 ಹೋದರೆ ಉಳಿದದ್ದು 6. ಅಡಿಗಲ್ಲಿನ ಮೂಲೆ ನಡುವಿನಿಂದ 7 ಸೆಂ.ಮೀ. ದೂರದಲ್ಲಿದೆ. ಅಷ್ಟೇ ಕಥೆ. ಅಜ್ಜಿಯ ಪೆಟ್ಟಿನಲ್ಲಿ ತಪ್ಪಿರಲಿಲ್ಲ.

ಎತ್ತರವೇ ವೈರಿ ಅನ್ನೋದು ಕೊಟ್ಟೂರಿನವನಿಗೆ ಹೇಳಿಕೊಡಬೇಕಾಗಿರಲಿಲ್ಲ. 2017ರ ಜಾತ್ರೆಯಲ್ಲಿ ಅವನೂರ ತೇರು ಎಳೆಯುವಾಗಲೇ ಮಗುಚಿ ಬಿದ್ದಿತ್ತು. ತೇರಿಗೆ ಎತ್ತರ ಬೇಕು, ಅದು ಅದರ ಧರ್ಮ. ಅಡಿಗಲ್ಲಿಗೆ ಯಾಕೆ ಬೇಕು? ಕುಂತು ಕೆಲಸ ಮಾಡುವವನ ಅಡಿಗಲ್ಲು ನೆಲದಿಂದ 28 ಸೆಂ.ಮೀ. ಇದ್ದರೆ ಅದೇ 5 ಡಿಗ್ರಿಗೆ ಸರಿಯೋದು ಎರಡೂವರೆ ಸೆಂ.ಮೀ. ಮಾತ್ರ. ನಮ್ಮ ಹಿರಿಯರು ಕುಂತು ಮಾಡ್ತಿದ್ದದ್ದನ್ನ ನಾವು ಬಡತನ ಅಂದುಕೊಂಡಿದ್ದೆವು.

ಇನ್ನೊಂದು ವಿಷಯ ತೂಕದ್ದು. 4 ಕೆಜಿ ಸಮ್ಮಟಿಗೆ 11 ಕೆಜಿ ಅಡಿಗಲ್ಲಿನ ಮೇಲೆ ಬಿದ್ದಾಗ, ಹೊಡೆತದ ಶಕ್ತಿಯಲ್ಲಿ ಎಷ್ಟು ಭಾಗ ಅಡಿಗಲ್ಲನ್ನೇ ತಳ್ಳೋದರಲ್ಲಿ ಹೋಗುತ್ತೆ? ಮೊದಲ ವರ್ಷದ ಮೆಕ್ಯಾನಿಕ್ಸಿನ ಲೆಕ್ಕ: 15ರಲ್ಲಿ 4 ಭಾಗ. ಅಂದರೆ ಶೇಕಡಾ 27ರ ಹತ್ತಿರ. ಅಜ್ಜಿ ನಾಲ್ಕು ಪೆಟ್ಟು ಹಾಕಿದರೆ ಒಂದು ಪೆಟ್ಟು ದಂಡ. ದಿನಕ್ಕೆ ಎಷ್ಟು ಸಲ ಸಮ್ಮಟಿಗೆ ಎತ್ತುತ್ತಾಳೋ, ಅದರಲ್ಲಿ ಕಾಲು ಭಾಗ ಕಬ್ಬಿಣಕ್ಕೆ ಮುಟ್ಟೋದೇ ಇಲ್ಲ, ಬರೀ ಅವಳ ರಟ್ಟೆಗೆ ಮುಟ್ಟುತ್ತೆ. ನೆಲದಲ್ಲಿ ಹೂತಾಗ ಹಾಗಾಗ್ತಿರಲಿಲ್ಲ, ಸುತ್ತಲ ಮಣ್ಣೂ ಅಡಿಗಲ್ಲಿನ ಜೊತೆ ಪೆಟ್ಟು ತಡೀತಿತ್ತು. ಹಾಗಾದರೆ ಸ್ಟ್ಯಾಂಡು ಭಾರ ಇರಬೇಕು. ಆದರೆ ಅವರ ಗಾಡಿ ಅಂದರೆ ಒಂದು ಟಿವಿಎಸ್ ಎಕ್ಸೆಲ್. ಅದರ ಮೇಲೆ ಗಾಳಿ ಮಷಿನ್, ಇದ್ದಲ ಚೀಲ, ಪಾತ್ರೆ, ಹಾಸಿಗೆ, ಆಮೇಲೆ ಇಬ್ಬರು. ಭಾರವೂ ಇರಬೇಕು, ಹಗುರವೂ ಇರಬೇಕು.

ಈ ಗಂಟು ಬಿಚ್ಚಿದ್ದು ಪುಸ್ತಕದಲ್ಲಲ್ಲ, ಮದುವೆ ಪೆಂಡಾಲಿನಲ್ಲಿ. ಡಿಸೆಂಬರಿನಲ್ಲಿ ಕೂಡ್ಲಿಗಿಯವನ ಅಕ್ಕನ ಮದುವೆ. ಮನೆ ಮುಂದೆ ಸಿಸಿ ರಸ್ತೆ, ಗುಣಿ ತೋಡೋಕೆ ಬರಲ್ಲ. ಪೆಂಡಾಲಿನವರು ಎಣ್ಣೆ ಡಬ್ಬಿಗೆ ಮಣ್ಣು ತುಂಬಿ ಅದರೊಳಗೆ ಕಂಬ ನಿಲ್ಲಿಸಿದ್ದರು. ನಾವು ಎಷ್ಟು ಮದುವೆಯಲ್ಲಿ ಆ ಡಬ್ಬಿಗಳನ್ನ ಎಡವಿಲ್ಲ! ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಹರಪನಹಳ್ಳಿಯವನು ಎಲೆ ಬಿಟ್ಟೆದ್ದು ಹೋಗಿ ಒಂದು ಡಬ್ಬಿಯನ್ನ ಕಾಲಲ್ಲಿ ಒದ್ದ. ಅದು ಅಲ್ಲಾಡಲಿಲ್ಲ. “ನೆಲಾನೇ ತುಂಬ್ಕೊಂಡು ಹೋಗೋಣಲೇ” ಅಂದ. ಮದುವೆ ಮನೆಯವರು ಇವನಿಗೆ ಏನಾಗಿದೆ ಅಂತ ನೋಡ್ತಿದ್ದರು.

ಮೂರನೇದನ್ನ ಎಚ್.ಬಿ. ಹಳ್ಳಿಯವನ ಮಾವನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿದೆವು. 3 ಮಿ.ಮೀ. ತಗಡಿನ ಬಾಯ್ತೆರೆದ ಪೆಟ್ಟಿಗೆ, 40 ಸೆಂ.ಮೀ. ಚೌಕ, 18 ಸೆಂ.ಮೀ. ಆಳ. ಖಾಲಿ ತೂಕ ಹತ್ತೂವರೆ ಕೆಜಿ. ಅಡಿಯಲ್ಲಿ ಮೂರು ಗಿಡ್ಡ ಪಾದ, ಒಂದು ಮುಂದೆ, ಎರಡು ಹಿಂದೆ, ನಡುವಿನಿಂದ 25 ಸೆಂ.ಮೀ. ದೂರಕ್ಕೆ. ಅಂಚಿಗೆ ಹನ್ನೆರಡೂವರೆ ಸಿಕ್ಕಿತು. ಅಡಿಗಲ್ಲಿನ ಮೂಲೆ 7, ಇಳಿಜಾರಿಗೆ ಎರಡೂವರೆ, ಒಟ್ಟು ಒಂಬತ್ತೂವರೆ. ಈ ಸಲ ಗೆರೆಯ ಒಳಗೇ ಇದ್ದೀವಿ. ಕೊಂಬಿರೋ ಅಡಿಗಲ್ಲಾಗಿದ್ದರೆ ಈ ಲೆಕ್ಕ ಕೂಡ್ತಿರಲಿಲ್ಲ, ಕೊಂಬಿನ ತುದಿ ತ್ರಿಕೋನದಿಂದ ಆಚೆ ಚಾಚುತ್ತೆ. ಆಗ ಕೊಂಬಿನ ಕೆಳಗೇ ಒಂದು ಕಾಲು ಬರೋ ಹಾಗೆ ತಿರುಗಿಸಿ ಇಡಬೇಕು. ಅಜ್ಜನ ಗಿಡ್ಡ ಗಟ್ಟಿ ನಮ್ಮ ಮಾನ ಉಳಿಸಿತು. ಪಾದಗಳಿಗೆ ಲಾರಿ ಟೈರಿನ ತುಂಡು, ಸಿಮೆಂಟಿನ ಮೇಲೆ ಜಾರದಿರಲಿ ಅಂತ. ಮಾವ ಕೂಲಿ ತಗೊಳ್ಳಲಿಲ್ಲ. ತಗಡು, ರಾಡು ಎಲ್ಲ ಸೇರಿ 2,300 ರೂಪಾಯಿ ಆಯಿತು, ಐದು ಜನ ಹಂಚಿಕೊಂಡೆವು.

ಪೆಟ್ಟಿಗೆಯ ನಡುವೆ ಜಾಲಿ ಮರದ ತುಂಡು, 13 ಸೆಂ.ಮೀ. ಎತ್ತರ, ನಡುವೆ ತೂತು. ಅಡಿಗಲ್ಲಿನ ಮೊಳೆ ಆ ತೂತಿಗೆ ಇಳಿದು, ಗಟ್ಟಿ ಮರದ ಹೆಗಲ ಮೇಲೆ ಕೂರುತ್ತೆ. ಸುತ್ತ ಮಣ್ಣು ತುಂಬಿ ಹಾರೆಯಿಂದ ಕುಟ್ಟಬೇಕು. ಈ ಮರದ ತುಂಡಿನ ಮಾತು ಹೇಳಿದ್ದು ಹರಪನಹಳ್ಳಿಯವನ ಅಜ್ಜ. ಹೌದು, ಈ ಸಲ ಫೋನ್ ಮಾಡಿ ಸ್ಪೀಕರ್ ಹಾಕಿದ. “ಬರೀ ಮರಳಾಗ ಊರಿದ್ರ ದಿನಾ ಒಂದ್ ಬಟ್ಟು ಕೆಳಗ ಇಳಿತೈತಿ, ಮರ ಕೊಡು ಬುಡಕ್ಕ” ಅಂದರು. ಹಿಂದೆಯೇ, “ಯಾರಿಗೆ ಮಾಡಾಕ ಹತ್ತೀಯೋ? ಓದಾಕ ಹೋಗಿ ಅದೇ ಕೆಲ್ಸ ಹಿಡಿದ್ಯಾ?” ಅಂತ ನಕ್ಕರು. ಅವನೂ ನಕ್ಕ. ಆಮೇಲೆ ಬಹಳ ಹೊತ್ತು ಇಬ್ಬರೂ ಇದ್ದಲು, ತಿದಿ ಅಂತ ಮಾತಾಡಿದರು. ಸ್ಪೀಕರ್ ಆಫ್ ಮಾಡೋದನ್ನ ಅವನು ಮರೆತಿದ್ದ. ನಾವೂ ನೆನಪಿಸಲಿಲ್ಲ.

ಪರೀಕ್ಷೆ ಕೂಡ್ಲಿಗಿಯವನ ಹಿತ್ತಲಿನಲ್ಲಿ. ಅಲ್ಲಿ ಹಾಸಿರೋದು ಚಪ್ಪಡಿ ಕಲ್ಲು, ಒಂದಕ್ಕೊಂದು ಬೆರಳುದ್ದ ಏರುತಗ್ಗು. ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸರದಿಯಲ್ಲಿ ಐವತ್ತು ಪೆಟ್ಟು ಹಾಕಿದೆವು. ಒಣ ಮರಳು ತುಂಬಿದಾಗ ಹತ್ತೇ ಪೆಟ್ಟಿಗೆ ಮರಳು ಕೆಳಗಿಳಿದು ಮರದ ಸುತ್ತ ಸಂದು ಬಿತ್ತು. ಕೂಡ್ಲಿಗಿಯ ಕೆಂಪು ಮಸಾರಿ ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ ಮೂರು ಪದರದಲ್ಲಿ ಕುಟ್ಟಿದಾಗ ಕಲ್ಲಾಯಿತು. ಹಡಗಲಿಯವನು ತನ್ನೂರ ಎರೆಮಣ್ಣು ಚೀಲದಲ್ಲಿ ತಂದಿದ್ದ, ಅಭಿಮಾನ. ಹಸಿಯಿದ್ದಾಗ ಚೆನ್ನಾಗೇ ಹಿಡೀತು. ಎರಡು ದಿನಕ್ಕೆ ಒಣಗಿ ಬಿರಿದು, ಪೆಟ್ಟಿಗೆಯ ಗೋಡೆ ಬಿಟ್ಟು ಒಳಗೆ ಸರಿಯಿತು. “ಮಲ್ಲಿಗೆ ಬೆಳೆಯೋ ಮಣ್ಣು ಇದು, ನಿಮ್ಮ ಅಡಿಗಲ್ಲಿಗಲ್ಲ” ಅಂತ ಮುಖ ಊದಿಸಿಕೊಂಡ.

ಮಸಾರಿ ತುಂಬಿದ ಪೆಟ್ಟಿಗೆಯಲ್ಲಿ ಐವತ್ತು ಪೆಟ್ಟಿಗೆ ಪಾದ ಗೆರೆಯಿಂದ ಸರಿದದ್ದು ಒಂದು ಬೆರಳಿನ ಅಗಲಕ್ಕಿಂತ ಕಡಿಮೆ. ಸದ್ದು ಕೂಡ ಬದಲಾಗಿತ್ತು. ಠಣ್ ಅನ್ನೋ ಕಡೆ ದಬ್ ಅಂತಿತ್ತು. ಪೆಟ್ಟಿಗೆ, ಮಣ್ಣು, ಅಡಿಗಲ್ಲು ಎಲ್ಲ ಸೇರಿ 56 ಕೆಜಿ ಹತ್ತಿರ. ಅಂದರೆ ಲೆಕ್ಕದಲ್ಲಿ ದಂಡ ಆಗೋದು 60ರಲ್ಲಿ 4 ಭಾಗ, ಶೇಕಡಾ 7ಕ್ಕೂ ಕಡಿಮೆ. ಮಣ್ಣು ಉಕ್ಕಿಗೆ ಬೆಸೆದ ಹಾಗೆ ಇರಲ್ಲ, ಆದ್ದರಿಂದ ನಿಜದಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತೆ. ಆದರೂ 27 ಅಲ್ಲ.

ವೈವಾದಲ್ಲಿ ಏನಾಯಿತು ಅಂತ ಎಲ್ಲರೂ ಕೇಳ್ತಾರೆ. ಬಂದಿದ್ದ ಪರೀಕ್ಷಕರು ಪೆಟ್ಟಿಗೆ ನೋಡಿ, “ಇದು ಹೂವಿನ ಕುಂಡ ಇದ್ದಂಗಿದೆ” ಅಂದರು. ಸಾಫ್ಟ್‌ವೇರಿನಲ್ಲಿ ಮಾಡಿದ ಬಣ್ಣಬಣ್ಣದ ಚಿತ್ರ ತೋರಿಸಿದ ಮೇಲೆ ಸಮಾಧಾನ ಆಯಿತು. ಅಂಕ ಬಂದಿದೆ, ದೂರಿಲ್ಲ.

ಪೆಟ್ಟಿಗೆ ಅಜ್ಜನಿಗೆ ಕೊಟ್ಟಿದ್ದು ಜನವರಿಯಲ್ಲಿ. ಆಮೇಲೆ ನೋಡಿದ್ದು ಮೈಲಾರದ ಜಾತ್ರೆಯಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಅಂದಾಗ ಅಷ್ಟು ಲಕ್ಷ ಜನ ಒಮ್ಮೆಲೇ ಸುಮ್ಮನಾಗೋದನ್ನ ನೀವು ಒಂದು ಸಲವಾದರೂ ನೋಡಬೇಕು. ಆ ಬಿಲ್ಲನ್ನೂ ನೆಲಕ್ಕೆ ಊರಿರಲ್ಲ, ಸುತ್ತ ನಿಂತ ಜನರೇ ಹಿಡಿದಿರ್ತಾರೆ. ನಮಗೆ ಆಗಲೇ ಎಲ್ಲದರ ಕಾಲು ಎಣಿಸೋ ಚಟ ಹಿಡಿದಿತ್ತು.

ಕಾರ್ಣಿಕ ಮುಗಿಸಿ ಹುಡುಕಿಕೊಂಡು ಹೋದರೆ, ಅಜ್ಜ ಅಂಗಡಿ ಸಾಲಿನ ಕೊನೆಯಲ್ಲಿದ್ದ. ಅಡಿಗಲ್ಲು ನೆಲದಲ್ಲಿ ಊರಿತ್ತು. ನಮ್ಮ ಪೆಟ್ಟಿಗೆಯನ್ನ ಬೋರಲು ಹಾಕಿ, ಅದರ ಮೇಲೆ ಅಜ್ಜಿ ಕುಂತು ಎಲೆ ಅಡಿಕೆ ಹಾಕ್ತಿದ್ದಳು. ಮೂರು ಪಾದ ಆಕಾಶ ನೋಡ್ತಿದ್ದವು, ಅವುಗಳ ನಡುವೆ ಅವಳು.

ನಮ್ಮ ಮುಖ ನೋಡಿ ಅಜ್ಜನೇ ಹೇಳಿದ. “ಇಲ್ಲಿ ಮಣ್ಣೈತಪ್ಪ. ಮಣ್ಣಿದ್ದಲ್ಲಿ ಪೆಟ್ಟಿಗಿ ಯಾಕ? ಹೊಸಪ್ಯಾಟ್ಯಾಗ, ಹಳ್ಯಾಗ ಅದರಾಗ ಮಾಡಿದ್ವಿ. ಚಲೋ ನಿಲ್ತೈತಿ.”

“ಅಲ್ಲಾಡಲ್ಲ ಅಲ್ಲಜ್ಜಾ?”

“ಅಲ್ಲಾಡಲ್ಲ. ಆದ್ರ...” ಅಂತ ಶುರು ಮಾಡಿದ. ಎರಡು ಕಡೆ ಹಿಡಿಕೆ ಬೇಕು, ಖಾಲಿ ಪೆಟ್ಟಿಗೆ ಎತ್ತೋಕೆ ಅಂಚು ಕೈಗೆ ಕೊಯ್ತದೆ. ಒಂದು ಮೂಲೆಯಲ್ಲಿ ತೂತು ಬೇಕು, ಮಳೆ ಬಂದರೆ ನೀರು ನಿಂತು ಮಣ್ಣು ಕೆಸರಾಗುತ್ತೆ. ಟೈರಿನ ತುಂಡು ಒಂದು ಬೆಂಕಿ ತಾಗಿ ಸುಟ್ಟಿದೆ, ಆ ಪಾದ ಇನ್ನೊಂಚೂರು ಒಳಗಿರಬೇಕಿತ್ತು. ಇನ್ನೂ ನಾಲ್ಕು ಬಟ್ಟು ತಗ್ಗಿದ್ದರೆ ಅಜ್ಜಿಗೆ ಸಮ್ಮಟಿಗೆ ಹಗುರ.

ಹರಪನಹಳ್ಳಿಯವನು ಪಾದ ಒಳಗೆ ತಂದರೆ ಮಗುಚುತ್ತೆ ಅಂತ ಅಜ್ಜನ ಜೊತೆ ವಾದಕ್ಕೆ ಬಿದ್ದ. ಅಜ್ಜ ಒಪ್ಪಲಿಲ್ಲ. ಅಜ್ಜಿ ಎದ್ದು ಪೆಟ್ಟಿಗೆಯನ್ನ ಅವರಿಬ್ಬರ ನಡುವೆ ತಳ್ಳಿ, “ತಗಾ, ಇಟ್ಕೊಂಡು ನೋಡ್ರಿ” ಅಂದಳು.